ಬಾಯಿಂದ ಹೊರಡುವ ಮಾತನ್ನು ತಿದ್ದಿಕೊಳ್ಳುವುದು ಹೇಗೆ?

ಕಳೆದ ವರ್ಷ ನನ್ನ ತರಗತಿಯೊಂದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದೆ. ಹುಷಾರಿಲ್ಲದೆ ರಜಾ ಹಾಕಿದ್ದ ಹುಡುಗಿಯೊಬ್ಬಳಿಗೆ ಕಳಿಸೋಣ ಅಂತ. ಕಳಿಸುವ ಮುಂಚೆ ಒಂದು ಸಲ ಕೇಳಿ ನೋಡಿದೆ. 45 ನಿಮಿಷದಲ್ಲಿ 62 ಸಲ ‘ಅರ್ಥ ಆಯ್ತಾ’ ಅಂದಿದ್ದೆ! ಅರ್ಥಶಾಸ್ತ್ರ ಪಾಠ ಮಾಡುವವಳು, ನಿಜ. ಆದರೂ ಇಷ್ಟೊಂದಾ?

ಅದಕ್ಕಿಂತ ಜಾಸ್ತಿ ಕಾಡಿದ್ದು ಮಕ್ಕಳ ಉತ್ತರ. ಅಷ್ಟೂ ಸಲ ಒಂದೇ ರಾಗದಲ್ಲಿ ‘ಹೂಂ ಮೇಡಂ’. ಒಬ್ಬರೂ ‘ಇಲ್ಲ’ ಅಂದಿಲ್ಲ. ಮುಂದಿನ ವಾರದ ಟೆಸ್ಟ್ ಪೇಪರ್ ತಿದ್ದುವಾಗ ಗೊತ್ತಾಯಿತು, ಅರ್ಧ ತರಗತಿಗೆ ಏನೂ ಅರ್ಥವಾಗಿರಲಿಲ್ಲ.

ಇನ್ನು ಮುಂದೆ ಹಾಗೆ ಅನ್ನಬಾರದು ಅಂತ ತೀರ್ಮಾನ ಮಾಡಿದೆ. ಮಾರನೇ ದಿನ ತರಗತಿಗೆ ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಮತ್ತೆ ‘ಅರ್ಥ ಆಯ್ತಾ’. ತೀರ್ಮಾನದಿಂದ ಬಾಯಿ ಬದಲಾಗುವುದಿಲ್ಲ. ಆಮೇಲೆ ನಾನು ಹಿಡಿದ ದಾರಿಯೇ ಈ ಲೇಖನ. ಭಾಷಣ ಮಾಡುವವರು, ಪಾಠ ಮಾಡುವವರು, ಇಂಟರ್‌ವ್ಯೂಗೆ ತಯಾರಾಗುವವರು, ‘ಛೆ, ಹಾಗೆ ಅನ್ನಬಾರದಿತ್ತು’ ಅಂತ ರಾತ್ರಿ ಮಗ್ಗುಲು ಬದಲಿಸುವವರು, ಎಲ್ಲರಿಗೂ ಇದರಲ್ಲಿ ಏನಾದರೂ ಸಿಕ್ಕೀತು.

ಮೊದಲು ಒಂದಿಷ್ಟು ಹಿನ್ನೆಲೆ

ಬಿ.ಎಡ್. ಮಾಡಿದವರಿಗೆ ಅಮೆರಿಕದ ಮನಃಶಾಸ್ತ್ರಜ್ಞ ಸ್ಕಿನ್ನರ್ ಹೆಸರು ಗೊತ್ತು. ಪೆಟ್ಟಿಗೆಯೊಳಗಿನ ಇಲಿ, ಗುಂಡಿ ಕುಟುಕುವ ಪಾರಿವಾಳ, ಪುನರ್ಬಲನ (ಫಲ ಕೊಟ್ಟು ವರ್ತನೆಯನ್ನು ಗಟ್ಟಿ ಮಾಡುವುದು), ಐದು ಅಂಕದ ಪ್ರಶ್ನೆ. ಅಲ್ಲಿಗೆ ಮುಗಿಯಿತು. ಆದರೆ ಬಿ.ಎಫ್. ಸ್ಕಿನ್ನರ್ ತಮ್ಮ ಆಯುಷ್ಯದ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಣಗಾಡಿದ್ದು ಇಲಿಯ ಜೊತೆ ಮಾತ್ರ ಅಲ್ಲ, ಮನುಷ್ಯರ ಮಾತಿನ ಜೊತೆಗೂ. 1934ರಲ್ಲಿ ಶುರುವಾದ ಆ ಕೆಲಸ ‘ವರ್ಬಲ್ ಬಿಹೇವಿಯರ್’ ಎಂಬ ದಪ್ಪ ಪುಸ್ತಕವಾಗಿ 1957ರಲ್ಲಿ ಹೊರಬಂತು. ಆಡುವವರು ತಮ್ಮ ಮಾತನ್ನು ತಾವೇ ಹೇಗೆ ತಿದ್ದಿಕೊಳ್ಳುತ್ತಾರೆ ಅನ್ನುವುದಕ್ಕೆ ಅದರಲ್ಲಿ ಬೇರೆ ಅಧ್ಯಾಯಗಳೇ ಇವೆ.

ಅವರ ವಾದ ಸರಳ. ತಲೆಯೊಳಗೆ ಕೆಂಪು ಪೆನ್ನು ಹಿಡಿದು ಕೂತ ಸಂಪಾದಕರು ಯಾರೂ ಇಲ್ಲ. ಮಾತು ಅನ್ನುವುದು ನಡೆದಾಡುವ ಹಾಗೆ, ಊಟ ಮಾಡುವ ಹಾಗೆ ಒಂದು ವರ್ತನೆ. ಒಂದೇ ವ್ಯತ್ಯಾಸ, ಅದಕ್ಕೆ ಫಲ ಸಿಗುವುದು ಇನ್ನೊಬ್ಬರ ಮೂಲಕ. ‘ನೀರು’ ಅಂದರೆ ಕೊಡ ಓಡಿ ಬರುವುದಿಲ್ಲ, ಯಾರೋ ತಂದುಕೊಡಬೇಕು. ಹಾಗಾಗಿ ಕೇಳುವವರು ಏನು ಮಾಡುತ್ತಾರೋ ಅದರ ಮೇಲೆ ನಮ್ಮ ಮಾತು ರೂಪ ಪಡೆಯುತ್ತದೆ. ಇನ್ನೊಂದು ಮುಖ್ಯ ಸಂಗತಿ: ನಮ್ಮ ಮಾತಿನ ಮೊದಲ ಕೇಳುಗರು ನಾವೇ. ಹಿಂದೆ ಯಾರೋ ಹುಬ್ಬು ಗಂಟಿಕ್ಕಿದ ಮಾತು ಮತ್ತೆ ಬಾಯಿಗೆ ಬಂದರೆ, ಈಗ ನಾವೇ ಹುಬ್ಬು ಗಂಟಿಕ್ಕುತ್ತೇವೆ. ಮಾತು ಅಲ್ಲೇ ನಿಲ್ಲುತ್ತದೆ, ಇಲ್ಲವೇ ವೇಷ ಬದಲಿಸಿ ಹೊರಬರುತ್ತದೆ.

ನಾವು ನಮ್ಮನ್ನೇ ಕೇಳಿಕೊಳ್ಳುತ್ತಾ ಮಾತಾಡುತ್ತೇವೆ ಅನ್ನುವುದಕ್ಕೆ ಪುರಾವೆ ಬೇಕಾದರೆ ಫೋನಿನಲ್ಲೇ ಸಿಗುತ್ತದೆ. ಲೈನ್ ಸರಿಯಿಲ್ಲದೆ ನಿಮ್ಮದೇ ದನಿ ತಡವಾಗಿ ನಿಮ್ಮ ಕಿವಿಗೆ ವಾಪಸ್ ಬಂದಾಗ ನಾಲಿಗೆ ತಡವರಿಸುತ್ತದೆ, ಅಲ್ವಾ? 1950ರಲ್ಲಿ ಬರ್ನಾರ್ಡ್ ಲೀ ಎಂಬ ಅಮೆರಿಕದ ಸಂಶೋಧಕರು ಇದನ್ನು ಬರೆದಿಟ್ಟರು. ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾದರೆ ಸಾಕು, ಚೆನ್ನಾಗಿ ಮಾತಾಡುವವರೂ ತೊದಲತೊಡಗುತ್ತಾರೆ.

ಸ್ಕಿನ್ನರ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. 1959ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಆ ಪುಸ್ತಕದ ವಿಮರ್ಶೆ ಬರೆದು ಕಟುವಾಗಿ ಜಾಡಿಸಿದರು. ಮಗು ವ್ಯಾಕರಣವನ್ನು ಹೇಗೆ ಕಲಿಯುತ್ತದೆ ಅನ್ನುವ ಪ್ರಶ್ನೆಗೆ ಸ್ಕಿನ್ನರ್ ಉತ್ತರ ಸಾಲದು ಅಂತ ನನಗೂ ಅನ್ನಿಸುತ್ತದೆ. ಆದರೆ ನಮ್ಮ ಕೆಲಸ ಅದಲ್ಲ. ಭಾಷೆ ಬಂದಾಗಿದೆ, ಚಾಳಿ ಬಿಡಿಸಬೇಕು. ಅದಕ್ಕೆ ಈ ದಾರಿ ಚೆನ್ನಾಗಿ ನಡೆಯುತ್ತದೆ.

ಒಂದು ಎಚ್ಚರಿಕೆ. ತೊದಲುವಿಕೆ ಇರುವವರು ಇದನ್ನು ಓದಿ ಮನೆಮದ್ದು ಮಾಡಿಕೊಳ್ಳಬೇಡಿ. ಅದಕ್ಕೆ ತರಬೇತಿ ಪಡೆದವರಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ತೊಂದರೆಗಳಿಗಾಗಿ.

ಹೆಜ್ಜೆ 1: ಹತ್ತು ನಿಮಿಷ ರೆಕಾರ್ಡ್ ಮಾಡಿ, ಇದ್ದದ್ದು ಇದ್ದ ಹಾಗೆ ಬರೆಯಿರಿ

ಜೊತೆಯಲ್ಲಿರುವವರಿಗೆ ಹೇಳಿಯೇ ರೆಕಾರ್ಡ್ ಮಾಡಿ. ಶುರುವಿನ ಐದು ನಿಮಿಷ ಲೆಕ್ಕಕ್ಕಿಲ್ಲ. ಆಗ ಫೋನೂ ಒಬ್ಬ ಕೇಳುಗ, ನಾವು ಆಕಾಶವಾಣಿಯ ವಾರ್ತೆ ಓದುವವರ ಹಾಗೆ ಮಾತಾಡುತ್ತೇವೆ. ಆಮೇಲೆ ಅದು ಮರೆತುಹೋಗುತ್ತದೆ. ಆ ನಂತರದ ಹತ್ತು ನಿಮಿಷ ತೆಗೆದುಕೊಳ್ಳಿ.

ಕೇಳಿಸಿಕೊಂಡು ಕೈಯಲ್ಲಿ ಬರೆಯಿರಿ. ಚೆಂದ ಮಾಡಬೇಡಿ. ‘ನಾನು ಮೊನ್ನೆ... ಅಲ್ಲ, ಆಚೆ ಮೊನ್ನೆ ಬ್ಯಾಂಕಿಗೆ, ಅಂದ್ರೆ ಬ್ಯಾಂಕ್ ಹತ್ರ ಹೋಗಿದ್ದೆ, ಅದೇ ಆ ಇದು, ಎಟಿಎಮ್ಮು’ ಅಂತ ಆಡಿದ್ದರೆ ಅಷ್ಟನ್ನೂ ಬರೆಯಬೇಕು. ಹತ್ತು ನಿಮಿಷದ ಮಾತು ಬರೆಯುವುದಕ್ಕೆ ಗಂಟೆಗಿಂತ ಹೆಚ್ಚು ಹಿಡಿಯುತ್ತದೆ. ಬೇಸರ ಮಾಡಿಕೊಳ್ಳಬೇಡಿ. ಕಿವಿ ಬಿಟ್ಟುಬಿಡುವುದನ್ನು ಕೈ ಹಿಡಿಯುತ್ತದೆ.

‘ನನ್ನ ದನಿ ಇಷ್ಟು ಕೆಟ್ಟದಾಗಿದೆಯಾ’ ಅಂತ ಎಲ್ಲರಿಗೂ ಅನ್ನಿಸುತ್ತದೆ. ಮಾತಾಡುವಾಗ ನಮ್ಮ ದನಿ ತಲೆಯ ಮೂಳೆಯ ಮೂಲಕವೂ ಕಿವಿಗೆ ಬರುತ್ತದೆ, ಹಾಗಾಗಿ ತುಂಬಿಕೊಂಡಂತೆ ಕೇಳುತ್ತದೆ. ರೆಕಾರ್ಡಿಂಗ್‌ನಲ್ಲಿ ಅದಿಲ್ಲ. ದನಿಯ ಚಿಂತೆ ಬಿಡಿ.

ಹೆಜ್ಜೆ 2: ಮೂರು ಬಣ್ಣ ಹಚ್ಚಿ

ಕೆಂಪು, ನೀಲಿ, ಹಸಿರು ಪೆನ್ನು ಇಟ್ಟುಕೊಳ್ಳಿ.

ಮಧ್ಯದಲ್ಲಿ ತುಂಡಾಗಿ ಮತ್ತೆ ಶುರುವಾದ ಮಾತಿಗೆಲ್ಲ ಕೆಂಪು. ‘ಬಾ... ಬನ್ನಿ ಬನ್ನಿ ಸಾರ್.’ ‘ಅವನು, ಅಲ್ಲ ಅವರು ಹೇಳಿದ್ರು.’ ಕೆಂಪು ಬಿದ್ದ ಕಡೆಯೆಲ್ಲ ಹಳೆಯ ಬೈಗುಳವೊಂದು ಹೂತಿರುತ್ತದೆ. ನಮ್ಮ ಮನೆಗಳಲ್ಲಿ ಇದು ಹೇಗೆ ನಡೆಯುತ್ತದೆ ನೋಡಿ. ಮಗು ಹೊಸ್ತಿಲ ಹತ್ತಿರ ನಿಂತು ‘ಅಜ್ಜೀ, ಹೋಗ್ತೀನಿ’ ಅನ್ನುತ್ತದೆ. ಅಜ್ಜಿ ಬಿಡುವುದಿಲ್ಲ. ‘ಹೋಗ್ತೀನಿ ಅನ್ಬಾರ್ದು ಪುಟ್ಟಾ, ಹೋಗಿ ಬರ್ತೀನಿ ಅನ್ನು.’ ಅಂದ ಮೇಲೇ ಹೊರಗೆ ಬಿಡುತ್ತಾಳೆ. ಸಾವು ನೋವಿನ ಮಾತು ಬಾಯ್ತಪ್ಪಿ ಬಂದರೆ ‘ಬಿಡ್ತು ಅನ್ನು’. ರಾತ್ರಿ ಹೊತ್ತು ಹಾವು ಅನ್ನಬಾರದು, ಹುಳ ಅನ್ನಬೇಕು. ಕೆಲವು ವರ್ಷ ಕಳೆದ ಮೇಲೆ ಅಜ್ಜಿ ಇರುವುದಿಲ್ಲ. ಹಾಸ್ಟೆಲ್ಲಿನ ಬಾಗಿಲಲ್ಲಿ ನಿಂತು ‘ಹೋಗ್ತೀನಿ’ ಅಂದವಳು ತಾನೇ ನಾಲಿಗೆ ಕಚ್ಚಿಕೊಂಡು ‘ಬರ್ತೀನಿ, ಹೋಗಿ ಬರ್ತೀನಿ’ ಅನ್ನುತ್ತಾಳೆ. ಸ್ಕಿನ್ನರ್ ಪುಟಗಟ್ಟಲೆ ವಿವರಿಸಿದ್ದು ಇದನ್ನೇ. ಹೊರಗೆ ನಿಂತು ಕೇಳುತ್ತಿದ್ದ ಅಜ್ಜಿ ಒಳಗೆ ಬಂದು ಕೂತಳು.

ವಾಕ್ಯದ ತುದಿಗೆ, ಕೆಲವು ಸಲ ಮೊದಲಿಗೆ, ಅಂಟಿಕೊಂಡ ‘ಅಂತೆ’, ‘ಅನ್ಸುತ್ತೆ’, ‘ಏನೋ’, ‘ತಾನೇ’, ‘ಇರಬೇಕು’, ‘ತಪ್ಪು ತಿಳ್ಕೋಬೇಡಿ’ ಇವುಗಳಿಗೆಲ್ಲ ನೀಲಿ. ಇವುಗಳ ವಿಷಯ ದೊಡ್ಡದು, ಮುಂದೆ ಬರುತ್ತದೆ.

ಅರ್ಥವಿಲ್ಲದೆ ಜಾಗ ತುಂಬುವುದಕ್ಕೆ ಹಸಿರು. ‘ಆ...’, ‘ಅಂದ್ರೆ’, ‘ಏನಂದ್ರೆ’, ‘ಅದೇ ಇದು’, ‘ಆ್ಯಕ್ಚುಲಿ’, ‘ಬೇಸಿಕಲಿ’.

ಇನ್ನು ನುಂಗಿಕೊಂಡ ಮಾತು. ಅದು ರೆಕಾರ್ಡ್ ಆಗಿರುವುದಿಲ್ಲ. ಆದರೆ ಕೇಳುವಾಗ ನೆನಪಾಗುತ್ತದೆ, ‘ಇಲ್ಲಿ ಸಂಬಳದ ಮಾತು ತೆಗೆಯಬೇಕು ಅಂತಿದ್ದೆ, ಬಿಟ್ಟುಬಿಟ್ಟೆ’ ಅಂತ. ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ.

ಹೆಜ್ಜೆ 3: ಹಿಂದೆ ಏನಾಯಿತು, ಮುಂದೆ ಏನಾಯಿತು

ಯಾವ ಬಣ್ಣ ಜಾಸ್ತಿಯಿದೆಯೋ ಅದರಿಂದ ಒಂದೇ ಒಂದು ಮಾತು ಆರಿಸಿಕೊಳ್ಳಿ. ಎರಡಲ್ಲ, ಒಂದು. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಅದಕ್ಕೆ ಮುಂಚೆ ಏನಾಯಿತು, ಏನಂದೆ, ಆಮೇಲೆ ಕೇಳುವವರು ಏನು ಮಾಡಿದರು.

ಮೂರನೇ ಕಾಲಂನಲ್ಲೇ ಗುಟ್ಟಿರುವುದು. 1955ರಲ್ಲಿ ಜೋಯಲ್ ಗ್ರೀನ್‌ಸ್ಪೂನ್ ಎಂಬವರು ಒಂದು ಪ್ರಯೋಗ ಪ್ರಕಟಿಸಿದರು. ಬಂದವರಿಗೆ ಸುಮ್ನೆ ಬಾಯಿಗೆ ಬಂದ ಪದಗಳನ್ನು ಹೇಳುತ್ತಾ ಹೋಗಿ ಅಂದರು. ಬಹುವಚನದ ಪದ ಬಂದಾಗಲೆಲ್ಲ ಪ್ರಯೋಗ ನಡೆಸುವವರು ‘ಹೂಂ’ ಅನ್ನುತ್ತಿದ್ದರು. ಅಷ್ಟೇ. ಸ್ವಲ್ಪ ಹೊತ್ತಿಗೆ ಬಹುವಚನದ ಪದಗಳು ಜಾಸ್ತಿಯಾದವು. ನಮಗೆ ಇದರಲ್ಲಿ ಆಶ್ಚರ್ಯವೇನಿದೆ? ಕಥೆ ಹೇಳುವ ಅಜ್ಜಿಗೆ ಮೊಮ್ಮಗು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಯಾವ ಜಾಗದಲ್ಲಿ ಹೂಂ ಜೋರಾಗಿ ಬಂತೋ, ಮುಂದಿನ ಸಲ ಆ ಜಾಗದ ರಾಕ್ಷಸ ಇನ್ನೂ ದಪ್ಪಗಾಗಿರುತ್ತಾನೆ.

ನನ್ನ ಹಾಳೆಯಲ್ಲಿ ಹೀಗಿತ್ತು. ಮುಂಚೆ: ಕಷ್ಟದ ಭಾಗ ಮುಗಿಯಿತು, ತರಗತಿ ಸ್ತಬ್ಧ, ನನಗೆ ಒಳಗೊಳಗೇ ಪುಕುಪುಕು. ಅಂದದ್ದು: ‘ಅರ್ಥ ಆಯ್ತಾ?’ ಆಮೇಲೆ: ಇಡೀ ತರಗತಿ ‘ಹೂಂ ಮೇಡಂ’, ನನಗೆ ಸಮಾಧಾನ. ಅದು ಪ್ರಶ್ನೆಯೇ ಅಲ್ಲ ಅಂತ ಆಗ ಗೊತ್ತಾಯಿತು. ಸಮಾಧಾನ ಕೊಡಿ ಅಂತ ಮಕ್ಕಳ ಹತ್ತಿರ ಕೈಚಾಚುವುದು. ಅವರಿಗೂ ಅನುಕೂಲ, ಹೂಂ ಅಂದರೆ ಯಾರನ್ನೂ ಎಬ್ಬಿಸಿ ಕೇಳುವುದಿಲ್ಲ. ಇಬ್ಬರಿಗೂ ಲಾಭವಿರುವ ಚಾಳಿ ತಾನಾಗಿ ಯಾಕೆ ಹೋಗುತ್ತದೆ?

ಒಂದು ವಾರ ಇದನ್ನು ಬರೆಯಿರಿ. ತಿದ್ದುವ ಗೋಜಿಗೆ ಹೋಗಬೇಡಿ. ಬರೀ ಲೆಕ್ಕ ಇಡುವುದರಿಂದಲೇ ಮಾತು ಕೊಂಚ ಕಡಿಮೆಯಾಗುವುದೂ ಉಂಟು. ಅದನ್ನು ಗೆಲುವು ಅಂದುಕೊಳ್ಳಬೇಡಿ, ಲೆಕ್ಕ ಬಿಟ್ಟ ಕೂಡಲೇ ವಾಪಸ್ ಬರುತ್ತದೆ.

ಹೆಜ್ಜೆ 4: ಬಾಲ ನೋಡಿಕೊಳ್ಳಿ

ಈಗ ನೀಲಿ. ನನಗೆ ತುಂಬಾ ಇಷ್ಟದ ಭಾಗ, ಸ್ವಲ್ಪ ಉದ್ದ ಮಾಡುತ್ತೇನೆ.

ಆಡುತ್ತಿರುವ ಮಾತಿನ ಬಗ್ಗೆಯೇ ಕೇಳುಗರಿಗೆ ಏನೋ ತಿಳಿಸುವ ತುಣುಕುಗಳಿಗೆ ಸ್ಕಿನ್ನರ್ ಆಟೋಕ್ಲಿಟಿಕ್ ಅಂತ ಹೆಸರಿಟ್ಟರು. ನಾನು ಬಾಲ ಅನ್ನುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಅವು ಹೆಚ್ಚಾಗಿ ಹಿಂದೆಯೇ ಇರುತ್ತವೆ. ನೋಡಿ:

ಮಳೆ ಬಂತು. ಕಣ್ಣಾರೆ ನೋಡಿದೆ.
ಮಳೆ ಬಂತಂತೆ. ಯಾರೋ ಹೇಳಿದರು.
ಮಳೆ ಬಂದಿರಬೇಕು. ಅಂಗಳ ಒದ್ದೆಯಾಗಿದೆ.
ಮಳೆ ಬಂತೇನೋ. ಏನೋ ಸದ್ದಾಯಿತು, ಗ್ಯಾರಂಟಿ ಇಲ್ಲ.
ಮಳೆ ಬಂತಲ್ಲ! ನಿನಗೂ ಗೊತ್ತಿರುವುದೇ.

ಮಳೆ ಒಂದೇ. ಆ ಮಾತು ನನ್ನ ಬಾಯಿಗೆ ಹೇಗೆ ಬಂತು ಅನ್ನುವುದು ಬೇರೆ ಬೇರೆ. ಕೇಳುವವರು ಕೊಡೆ ಹಿಡಿಯಬೇಕೋ ಬೇಡವೋ ಅನ್ನುವುದನ್ನು ಬಾಲವೇ ತೀರ್ಮಾನಿಸುತ್ತದೆ.

ಇಲ್ಲಿ ಒಂದು ಕಥೆಯಿದೆ. 1934ರಲ್ಲಿ ಹಾರ್ವರ್ಡ್‌ನ ಒಂದು ರಾತ್ರಿ ಊಟದಲ್ಲಿ ತರುಣ ಸ್ಕಿನ್ನರ್ ಪಕ್ಕದಲ್ಲಿ ಕೂತಿದ್ದವರು ತತ್ವಶಾಸ್ತ್ರಜ್ಞ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್. ಸ್ಕಿನ್ನರ್ ಉತ್ಸಾಹದಿಂದ ವರ್ತನವಾದ ಬೋಧಿಸಿದರು, ಅಂದರೆ ಮನುಷ್ಯರು ಮಾಡುವುದನ್ನೆಲ್ಲ ಹೊರಗಿನ ಕಾರಣ ಮತ್ತು ಫಲಗಳಿಂದಲೇ ವಿವರಿಸಬಹುದು ಅನ್ನುವ ವಾದ. ವೈಟ್‌ಹೆಡ್ ಬೇರೆಲ್ಲ ಒಪ್ಪಿಕೊಂಡರೂ ಮಾತಿನ ವಿಷಯಕ್ಕೆ ಬಂದಾಗ ಸವಾಲು ಹಾಕಿದರು: ‘ಕಪ್ಪು ಚೇಳು ಯಾವುದೂ ಈ ಮೇಜಿನ ಮೇಲೆ ಬೀಳುತ್ತಿಲ್ಲ’ ಅಂತ ನಾನು ಇಲ್ಲಿ ಕೂತು ಹೇಳಿದರೆ, ಅದಕ್ಕೆ ಕಾರಣ ಕೊಡಿ ನೋಡೋಣ. ಚೇಳೇ ಇಲ್ಲ, ಮತ್ತೆ ಚೇಳಿನ ಮಾತು ಎಲ್ಲಿಂದ ಬಂತು? ಮಾರನೇ ಬೆಳಿಗ್ಗೆಯೇ ಸ್ಕಿನ್ನರ್ ಆ ಪುಸ್ತಕದ ರೂಪುರೇಷೆ ಬರೆಯತೊಡಗಿದರು. ಪುಸ್ತಕದ ಕೊನೆಯಲ್ಲಿ ಅವರು ಕೊಟ್ಟ ಉತ್ತರ ಸ್ವಾರಸ್ಯವಾಗಿದೆ: ಆ ಕಪ್ಪು ಚೇಳು ವರ್ತನವಾದವೇ ಇದ್ದೀತು! ಪಕ್ಕದಲ್ಲಿ ಕೂತ ಹುಡುಗನ ವಾದವೇ ಆ ಪದವನ್ನು ವೈಟ್‌ಹೆಡ್ ಬಾಯಿಗೆ ತಂದಿರಬೇಕು. ‘ಇಲ್ಲ’ ಅನ್ನುವುದು ಆಮೇಲೆ ಬಂದ ತಿದ್ದುಪಡಿ.

ಇಂಗ್ಲಿಷಿನಲ್ಲಿ ಆ ವಾಕ್ಯ ‘ಇಲ್ಲ’ದಿಂದಲೇ ಶುರುವಾಗುತ್ತದೆ. ಕನ್ನಡದಲ್ಲಿ ಚೇಳು ಮೇಜಿನ ಮೇಲೆ ಬೀಳುವವರೆಗೂ ನಾವು ಕಾಯಬೇಕು, ಕೊನೆಗೆ ‘ಇಲ್ಲ’. ನಮ್ಮ ಭಾಷೆ ಕೊಟ್ಟಿರುವ ದೊಡ್ಡ ಸವಲತ್ತು ಇದು. ವಾಕ್ಯ ಮುಗಿಯುವವರೆಗೂ ತಿದ್ದುವ ಅವಕಾಶ ಕೈಯಲ್ಲಿರುತ್ತದೆ. ಸ್ಟಾಫ್ ರೂಮಿನಲ್ಲಿ ‘ಹೊಸ ಪ್ರಿನ್ಸಿಪಾಲರು ಸಿಕ್ಕಾಪಟ್ಟೆ ಸಿಡುಕು...’ ಅಂತ ಶುರು ಮಾಡಿದಿರಿ. ಎದುರಿಗಿದ್ದವರ ಮುಖ ಸಣ್ಣಗಾಯಿತು. ತಕ್ಷಣ ‘...ಅಂತ ಯಾರೋ ಅಂತಿದ್ರು, ನಂಗೇನೂ ಹಾಗೆ ಕಾಣಲಿಲ್ಲಪ್ಪ’. ಬಚಾವ್. ‘ನಾಳೆ ದುಡ್ಡು ಕೊಡ್ತೀನಿ’ ಅನ್ನುವುದಕ್ಕೂ ‘ಕೊಡ್ತೀನಿ ಅನ್ಕೊಂಡಿದ್ದೀನಿ’ ಅನ್ನುವುದಕ್ಕೂ ಒಂದು ಉಸಿರಿನ ಅಂತರ. ಸಾಲ ಕೊಟ್ಟವರ ಕಿವಿ ಆ ಒಂದು ಉಸಿರನ್ನೇ ಕಾಯುತ್ತಿರುತ್ತದೆ.

ಅಭ್ಯಾಸ ಹೀಗೆ ಮಾಡಿ. ಬರೆದುಕೊಂಡದ್ದರಲ್ಲಿ ಹತ್ತು ವಾಕ್ಯ ಆರಿಸಿ. ಪ್ರತಿಯೊಂದಕ್ಕೂ ಕೇಳಿಕೊಳ್ಳಿ: ಇದು ನಾನು ನೋಡಿದ್ದೋ, ಕೇಳಿದ್ದೋ, ಊಹಿಸಿದ್ದೋ? ಆಮೇಲೆ ಬಾಲ ಸರಿಯಾಗಿದೆಯಾ ನೋಡಿ. ಎರಡು ತರಹದ ತಪ್ಪು ಸಿಗುತ್ತದೆ.

ಒಂದು, ಬಾಲ ಉದುರಿಹೋಗುವುದು. ಬೆಳಿಗ್ಗೆ ಹಾಲಿನ ಅಂಗಡಿಯಲ್ಲಿ ‘ನಾಳೆ ಬಸ್ ಇಲ್ವಂತೆ’ ಅಂತ ಕೇಳಿಸಿಕೊಳ್ಳುತ್ತೀರಿ. ಮನೆಗೆ ಬಂದು ‘ನಾಳೆ ಬಸ್ ಇಲ್ಲ’ ಅನ್ನುತ್ತೀರಿ. ಮಧ್ಯಾಹ್ನಕ್ಕೆ ಫ್ಯಾಮಿಲಿ ಗ್ರೂಪಿನಲ್ಲಿ ಅದು ಸುದ್ದಿ. ಯಾಕೆ ಉದುರುತ್ತದೆ? ‘ಅಂತೆ’ ಇದ್ದರೆ ಜನ ಅರ್ಧ ಕಿವಿ ಕೊಡುತ್ತಾರೆ, ಇಲ್ಲದಿದ್ದರೆ ತಿರುಗಿ ನೋಡುತ್ತಾರೆ. ತಿರುಗಿ ನೋಡುವುದೇ ಸಂಬಳ.

ಎರಡು, ಬಾಲ ಬೆಳೆದು ಮಾತನ್ನೇ ಮುಚ್ಚುವುದು. ಇಂಟರ್‌ವ್ಯೂನಲ್ಲಿ ‘ಮೂರು ವರ್ಷ ಅಕೌಂಟ್ಸ್ ನೋಡ್ಕೊಂಡಿದ್ದೆ ಅನ್ಸುತ್ತೆ’ ಅಂದ ಹುಡುಗಿಯನ್ನು ನಾನು ಬಲ್ಲೆ. ಕೆಲಸ ಮಾಡಿದವಳು ಅವಳೇ, ಅನ್ಸೋದೇನು ಬಂತು? ಆದರೆ ಚಿಕ್ಕಂದಿನಿಂದ ‘ದೊಡ್ಡೋರ ಮುಂದೆ ಹಾಗೆಲ್ಲ ಖಡಾಖಂಡಿತ ಮಾತಾಡ್ಬಾರ್ದು’ ಅಂತ ಕೇಳಿ ಬೆಳೆದವಳು. ಬೈಗುಳ ತಪ್ಪಿಸಿಕೊಳ್ಳಲು ಕಲಿತ ಬಾಲ, ಬೈಯುವವರಿಲ್ಲದ ಕಡೆಯೂ ಅಂಟಿಕೊಂಡೇ ಬಂದಿದೆ. ನಮ್ಮಲ್ಲಿ ಹೆಣ್ಣುಮಕ್ಕಳ ಮಾತಿನಲ್ಲಿ ಇದು ಜಾಸ್ತಿ ಅನ್ನುವುದು ನಾನು ತರಗತಿಯಲ್ಲಿ ಕಂಡದ್ದು. ಅವಳಿಗೆ ಹೇಳಿದ್ದು ಇಷ್ಟೇ: ನೋಡಿದ್ದಕ್ಕೆ, ಮಾಡಿದ್ದಕ್ಕೆ ಬಾಲ ಬೇಡ. ಹತ್ತು ವಾಕ್ಯ ಬರೆದು, ಬಾಲ ಕತ್ತರಿಸಿ, ಗೆಳತಿಯ ಮುಂದೆ ಜೋರಾಗಿ ಓದು. ‘ಮೂರು ವರ್ಷ ಅಕೌಂಟ್ಸ್ ನೋಡಿಕೊಂಡೆ.’ ಗೆಳತಿ ತಲೆಯಾಡಿಸಲಿ. ಮೊದಲ ಸಲ ಜಂಬ ಕೊಚ್ಚಿಕೊಂಡ ಹಾಗೆ ಅನ್ನಿಸುತ್ತದೆ. ಐದನೇ ಸಲಕ್ಕೆ ಅನ್ನಿಸುವುದಿಲ್ಲ.

ಹೆಜ್ಜೆ 5: ಹಸಿರು ಕಳೆ ಕೀಳುವುದು

ಇದು ಸುಲಭದ ಭಾಗ. ಉಗುರು ಕಚ್ಚುವಂಥ ಚಾಳಿಗಳನ್ನು ಬಿಡಿಸಲು ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ 1973ರಲ್ಲಿ ಒಂದು ವಿಧಾನ ಕೊಟ್ಟರು. ಚಾಳಿಯನ್ನು ಹಿಡಿಯುವುದು, ಅದರ ಜಾಗಕ್ಕೆ ಅದರ ಜೊತೆ ಒಟ್ಟಿಗೆ ಆಗಲಾರದ ಇನ್ನೊಂದನ್ನು ಕೂರಿಸುವುದು. ಆಮೇಲೆ ಭಾಷಣದ ‘ಆ... ಊಂ’ಗಳಿಗೂ ಇದನ್ನು ಬಳಸಿ ನೋಡಿದ್ದಾರೆ, ಕಡಿಮೆಯಾಗಿವೆ.

ಮೊದಲು ರೆಕಾರ್ಡಿಂಗ್ ಹಾಕಿಕೊಂಡು ನಿಮ್ಮ ‘ಅಂದ್ರೆ’ ಬಂದಾಗಲೆಲ್ಲ ಬೆರಳೆತ್ತಿ. ಆಮೇಲೆ ಕನ್ನಡಿ ಮುಂದೆ ಎರಡು ನಿಮಿಷ ಮಾತಾಡಿ, ಆಗಲೂ ಬೆರಳೆತ್ತಿ. ಎರಡು ಮೂರು ದಿನಕ್ಕೆ ಬೆರಳು ಮಾತಿಗಿಂತ ಮುಂಚೆ ಏಳತೊಡಗುತ್ತದೆ. ಯಾಕೆಂದರೆ ‘ಅಂದ್ರೆ’ಗೆ ಮುನ್ಸೂಚನೆ ಇದೆ: ಕಣ್ಣು ಮೇಲಕ್ಕೆ ಹೋಗುತ್ತದೆ, ಬಾಯಿ ‘ಅ’ ಆಕಾರಕ್ಕೆ ತೆರೆಯುತ್ತದೆ. ಆ ಗಳಿಗೆಯಲ್ಲಿ ತುಟಿ ಮುಚ್ಚಿ, ಮೂಗಿನಿಂದ ಉಸಿರು ತೆಗೆದುಕೊಳ್ಳಿ. ತುಟಿ ಮುಚ್ಚಿಕೊಂಡು ‘ಆ’ ಅನ್ನುವುದು ಯಾರಿಂದಲೂ ಆಗದು. ಆ ಮೌನ ನಿಮಗೆ ಯುಗದಷ್ಟು ಉದ್ದ ಅನ್ನಿಸುತ್ತದೆ. ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ, ಗೊತ್ತಾದರೂ ಗಂಭೀರವಾಗಿ ಯೋಚಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ.

ಜೊತೆಗೊಬ್ಬರು ಬೇಕು. ಕ್ಯಾಲಿಫೋರ್ನಿಯಾದಲ್ಲಿ 1924ರಲ್ಲಿ ಹುಟ್ಟಿ ಈಗ ಬೆಂಗಳೂರಿನಲ್ಲೂ ಇರುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ ‘ಆ’ ಎಣಿಸುವುದಕ್ಕೇ ಒಬ್ಬರಿರುತ್ತಾರೆ. ಒಳ್ಳೆಯ ಏರ್ಪಾಡು. ನನಗೊಂದು ಚಿಕ್ಕ ತಕರಾರಿದೆ: ತಪ್ಪು ಮಾತ್ರ ಎಣಿಸಿದರೆ ಸಾಲದು. ‘ಇವತ್ತು ಮೂರು ಕಡೆ ಚೆನ್ನಾಗಿ ನಿಲ್ಲಿಸಿದಿರಿ’ ಅಂತ ಹೇಳುವವರೂ ಬೇಕು. ಬರೀ ಬೈಗುಳದಿಂದ ಏನಾಗುತ್ತದೆ ಅನ್ನುವುದು ಏಳನೇ ಹೆಜ್ಜೆಯಲ್ಲಿದೆ.

ಹೆಜ್ಜೆ 6: ಕೇಳುವವರನ್ನು ಬದಲಿಸಿ

ಬೆಂಗಳೂರಿನ ಆಫೀಸಿನಲ್ಲಿ ಧಾರವಾಡದ ಹುಡುಗನೊಬ್ಬ ಇಡೀ ದಿನ ‘ಹೌದು ಸಾರ್, ಮಾಡ್ತಾ ಇದೀನಿ ಸಾರ್’ ಅನ್ನುತ್ತಿರುತ್ತಾನೆ. ಫೋನ್ ಬರುತ್ತದೆ, ಆ ಕಡೆ ಅವ್ವ. ಒಂದೇ ಗಳಿಗೆಯಲ್ಲಿ ‘ಹೂಂ ಬೇ, ಉಂಡೆ, ನೀ ಏನ್ ಮಾಡಾಕತ್ತಿ?’ ನಾಲಿಗೆ ಅದೇ, ಹುಡುಗ ಅವನೇ. ಕೇಳುವ ಕಿವಿ ಬದಲಾಯಿತು. ಅವನು ನಾಟಕ ಮಾಡುತ್ತಿಲ್ಲ. ಒಂದೊಂದು ಕಿವಿಯ ಮುಂದೆ ಒಂದೊಂದು ಮಾತಿಗೆ ಬೆಲೆ ಸಿಕ್ಕಿದೆ, ಅಷ್ಟೇ.

ಇದನ್ನು ಬಳಸಿಕೊಳ್ಳಿ. ಯಾವ ಮಾತು ಬೇಕೋ ಅದು ಸಲೀಸಾಗಿ ಬರುವ ಕೇಳುಗರು ಯಾರು ಅಂತ ಯೋಚಿಸಿ. ಕಷ್ಟದ ಮಾತನ್ನು ಮೊದಲು ಅವರ ಮುಂದೆ ಆಡಿ. ಸಂಬಳ ಜಾಸ್ತಿ ಕೇಳಬೇಕಾ? ಮೊದಲು ತಂಗಿಯ ಮುಂದೆ ಕೇಳಿ, ಅವಳು ಮ್ಯಾನೇಜರಿನ ಹಾಗೆ ಗಂಟುಮುಖ ಹಾಕಿ ಕೂರಲಿ. ನಕ್ಕುಬಿಡುತ್ತೀರಿ. ಪರವಾಗಿಲ್ಲ, ನಗು ನಿಲ್ಲುವವರೆಗೂ ಕೇಳಿ. ದೊಡ್ಡ ಸಭೆಯಲ್ಲಿ ಮಾತಾಡುವಾಗ ತಲೆಯಾಡಿಸುವ ಒಂದು ಮುಖ ಹುಡುಕಿ ಅದಕ್ಕೇ ಮಾತಾಡಿ ಅನ್ನುತ್ತಾರಲ್ಲ, ಅದರ ಗುಟ್ಟೂ ಇದೇ. ಆದರೆ ಒಂದೇ ಮುಖಕ್ಕೆ ಅಂಟಿಕೊಂಡರೆ ಮಾತು ಆ ಮುಖಕ್ಕೆ ಬೇಕಾದ ಹಾಗೆ ತಿರುಗುತ್ತದೆ. ಮೂರು ನಾಲ್ಕು ಮುಖ ಇಟ್ಟುಕೊಳ್ಳಿ.

ನನ್ನ ವಿಷಯದಲ್ಲಿ ಬದಲಿಸಬೇಕಿದ್ದದ್ದು ಆ ‘ಹೂಂ ಮೇಡಂ’. ಮಕ್ಕಳಿಗೆ ನೇರವಾಗಿ ಹೇಳಿದೆ: ನಾನು ‘ಅರ್ಥ ಆಯ್ತಾ’ ಅಂದರೆ ಯಾರೂ ಹೂಂ ಅನ್ನಬೇಡಿ, ಸುಮ್ಮನಿರಿ. ಅರ್ಥವಾಗದವರು ಪುಸ್ತಕ ಮುಚ್ಚಿಡಿ. ಮೊದಲ ದಿನ ಭಯಂಕರ. ನಾನು ಕೇಳಿದೆ, ಯಾರೂ ಬಾಯಿ ಬಿಡಲಿಲ್ಲ, ಹನ್ನೊಂದು ಪುಸ್ತಕ ಮುಚ್ಚಿಕೊಂಡವು. ಸಮಾಧಾನ ಸಿಗದ ಪ್ರಶ್ನೆ ಎರಡೇ ವಾರದಲ್ಲಿ ಬಾಯಿಂದ ಮಾಯವಾಗತೊಡಗಿತು. ಅದರ ಬದಲು ‘ಬೆಲೆ ಏರಿದರೆ ಬೇಡಿಕೆ ಏನಾಗುತ್ತೆ, ನೀನು ಹೇಳು’ ಅಂತ ನಿಜವಾದ ಪ್ರಶ್ನೆ ಬಂತು.

ಹೆಜ್ಜೆ 7: ಬಾಯಿ ಬಿಗಿದವರಿಗೆ

ಎಲ್ಲರಿಗೂ ತಿದ್ದುಪಡಿ ಕಡಿಮೆಯಾಗಿರುವುದಿಲ್ಲ. ಕೆಲವರಿಗೆ ಅದೇ ಜಾಸ್ತಿ. ಪ್ರತಿ ಪದವೂ ಬಾಗಿಲಲ್ಲಿ ತಪಾಸಣೆಗೆ ನಿಲ್ಲುತ್ತದೆ. ಮೀಟಿಂಗ್ ಮುಗಿಯುತ್ತದೆ, ಮಾತು ಗಂಟಲಲ್ಲೇ ಉಳಿದಿರುತ್ತದೆ. ಶಿಕ್ಷೆಯ ಗುಣವೇ ಹಾಗೆ. ತಪ್ಪು ಉಚ್ಚಾರಣೆಗೆ ನಕ್ಕರೆ ಆ ಒಂದು ಪದ ಮಾತ್ರ ನಿಲ್ಲುವುದಿಲ್ಲ, ಪಕ್ಕದ ಹತ್ತು ಪದವೂ ನಿಲ್ಲುತ್ತವೆ. ಹಳ್ಳಿಯಿಂದ ಬಂದು ‘ಹ’ಕಾರ ‘ಅ’ಕಾರಕ್ಕೆ ನಗಿಸಿಕೊಂಡ ಎಷ್ಟು ಮಕ್ಕಳು ಮೂರು ವರ್ಷ ಬಾಯಿಯೇ ಬಿಡದೆ ಡಿಗ್ರಿ ಮುಗಿಸುತ್ತಾರೆ ಅನ್ನುವುದು ಪಾಠ ಮಾಡುವವರಿಗೆಲ್ಲ ಗೊತ್ತು.

ಇಂಥವರು ಕೆಂಪು ಪೆನ್ನು ಪೂರ್ತಿ ಕೆಳಗಿಡಬೇಕು. ದಿನಾ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಹದಿನೈದು ನಿಮಿಷ ಬಾಯಿಗೆ ಬಂದದ್ದನ್ನು ಬರೆಯಿರಿ ಅಥವಾ ಫೋನಿಗೆ ಹೇಳಿ. ತಿದ್ದುವುದು ಇನ್ನೊಂದು ಹೊತ್ತಿಗೆ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಸ್ಕಿನ್ನರ್ ತಮ್ಮ ಬರವಣಿಗೆಗೆ ಇಂಥದ್ದೇ ಶಿಸ್ತು ಮಾಡಿಕೊಂಡಿದ್ದರು. ಬೆಳಗಿನ ಜಾವ ಎದ್ದು ಮೇಜಿನ ದೀಪ ಹಾಕಿದರೆ ಅದರ ಜೊತೆಗೇ ಒಂದು ಗಡಿಯಾರ ಓಡತೊಡಗುತ್ತಿತ್ತು. ಎಷ್ಟು ಹೊತ್ತು ಬರೆದೆ, ಎಷ್ಟು ಪದವಾಯಿತು ಅಂತ ಗ್ರಾಫಿನಲ್ಲಿ ಗೆರೆ ಎಳೆಯುತ್ತಿದ್ದರು. ಪಾರಿವಾಳಕ್ಕೆ ಮಾಡಿದ್ದನ್ನು ತಮಗೂ ಮಾಡಿಕೊಂಡರು!

ನಾಲಿಗೆ ಸಡಿಲವಾಗಿರುವವರು ಇದರ ಉಲ್ಟಾ ಮಾಡಬೇಕು. ಮಾತಿಗೂ ಕಿವಿಗೂ ನಡುವೆ ಸ್ವಲ್ಪ ಹೊತ್ತು ಸೇರಿಸಿಕೊಳ್ಳಬೇಕು. ಸಿಟ್ಟಿನಲ್ಲಿ ಬರೆದ ಮೆಸೇಜನ್ನು ಕಳಿಸುವ ಮೊದಲು ಜೋರಾಗಿ ಓದಿ. ಆಗ ನೀವು ಬರೆದವರಲ್ಲ, ಕೇಳುವವರು. ವಾಟ್ಸಾಪ್‌ನಲ್ಲಿ 2023ರಿಂದ ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು. ಆದರೆ ಆ ಸೌಲಭ್ಯ ನಂಬಿಕೊಂಡು ಬೇಗ ಕಳಿಸುವ ಚಾಳಿ ಬೆಳೆದರೆ ಅದೂ ಒಂದು ಕಷ್ಟ. ನಿಮ್ಮತ್ತೆ ಅಷ್ಟರಲ್ಲಿ ಓದಿರುತ್ತಾರೆ.

ಹೆಜ್ಜೆ 8: ತಿಂಗಳ ಮೇಲೆ ಮತ್ತೆ ರೆಕಾರ್ಡ್ ಮಾಡಿ

ಅದೇ ಜಾಗ, ಅದೇ ಜನ, ಆದಷ್ಟು ಅದೇ ವಿಷಯ. ಬೇರೆ ಕೇಳುಗರ ಮುಂದೆ ರೆಕಾರ್ಡ್ ಮಾಡಿ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ. ಆರಿಸಿಕೊಂಡ ಮಾತನ್ನು ಎಣಿಸಿ. ಜೊತೆಗೆ ಉಳಿದ ಬಣ್ಣಗಳನ್ನೂ ಒಮ್ಮೆ ನೋಡಿ. ಒಂದು ಚಾಳಿ ಹೋದ ಜಾಗಕ್ಕೆ ಅದೇ ಕೆಲಸ ಮಾಡುವ ಇನ್ನೊಂದು ಬಂದು ಕೂರುವುದುಂಟು.

ನಾನು ಅದೇ ಪಾಠವನ್ನು ಪಕ್ಕದ ಸೆಕ್ಷನ್ನಿಗೆ ಮಾಡುವ ಬದಲು, ಪುನರಾವರ್ತನೆಯ ನೆಪದಲ್ಲಿ ಅದೇ ಮಕ್ಕಳಿಗೇ ಮಾಡಿದೆ. 45 ನಿಮಿಷ. ರಾತ್ರಿ ಊಟವಾದ ಮೇಲೆ ಕೂತು ಎಣಿಸಿದೆ. ‘ಅರ್ಥ ಆಯ್ತಾ’ 4 ಸಲ. ‘ಅಲ್ವಾ’ 31.